ಹೊಳೆ ಮುಟ್ಟದ ಕಡೆ ಇನ್ನೊಂದು ಪ್ರತಿ

ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಯ ಅಣೆಕಟ್ಟೆಯ ಗೇಟು ಎತ್ತಿದರು ಎಂಬ ಸುದ್ದಿ ಹೊಳೆಗಿಂತ ಮೊದಲೇ ಹೊಳೆಮಣ್ಣೂರ ಮುಟ್ಟುತ್ತದೆ. ಸುದ್ದಿಗೂ ನೀರಿಗೂ ನಡುವಿನ ಅಷ್ಟು ಹೊತ್ತಿನಲ್ಲಿ ದನಕರು ಬಿಚ್ಚಬೇಕು, ಜೋಳದ ಚೀಲ ಎತ್ತಬೇಕು, ವಯಸ್ಸಾದವರನ್ನೂ ಮಕ್ಕಳನ್ನೂ ದಿನ್ನೆಯ ಕಡೆ ಸಾಗಿಸಬೇಕು. ಹುಬ್ಬಳ್ಳಿ–ಧಾರವಾಡ ಸೀಮೆಯ ಮಳೆಯನ್ನು ಹೊತ್ತು ತರುವ ಬೆಣ್ಣೆಹಳ್ಳವೂ ಅದೇ ವೇಳೆಗೆ ತುಂಬಿತೆಂದರೆ ರೋಣ ತಾಲ್ಲೂಕಿನ ಹೊಳೆಮಣ್ಣೂರ, ಮೆಣಸಗಿ, ಗಾಡಗೋಳಿ, ಹೊಳೆಆಲೂರ, ನರಗುಂದ ತಾಲ್ಲೂಕಿನ ಕೊಣ್ಣೂರ, ಲಖಮಾಪುರ ಎಲ್ಲಕ್ಕೂ ಒಂದೇ ಚಿಂತೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನೇ ಮುಳುಗಿಸಿದ ಪ್ರವಾಹವನ್ನು ಈ ಭಾಗದ ಜನ ಇವತ್ತಿಗೂ ಕಾಲ ಲೆಕ್ಕ ಹಾಕಲು ಬಳಸುತ್ತಾರೆ. ಹತ್ತು ವರ್ಷ ಕಳೆದು 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ದಂಡೆ ಮೀರಿದಳು.

ಇಂಥ ಗಳಿಗೆಯಲ್ಲಿ ಮನೆಯಿಂದ ಹೊರಬೀಳುವ ಹೆಂಗಸಿನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಅದರೊಳಗೆ ಹೊಲದ ಉತಾರ, ರೇಷನ್ ಕಾರ್ಡು, ಸೊಸೈಟಿಯ ಪಾಸ್‌ಬುಕ್, ಮಗನ ಮಾರ್ಕ್ಸ್ ಕಾರ್ಡು. ನೀರು ಇಳಿದ ಮೇಲೆ ಬೆಳೆಹಾನಿಗೂ ಬಿದ್ದ ಮನೆಗೂ ಪರಿಹಾರ ಕೇಳುವಾಗ ಆ ಕಾಗದಗಳೇ ಬಾಯಿ. ಈಗ ಅವುಗಳಲ್ಲಿ ಬಹುಪಾಲು ಯಾವುದೋ ಕಚೇರಿಯ ಸರ್ವರಿನಿಂದ ಬಂದ ಮುದ್ರಿತ ಹಾಳೆಗಳು. ಚೀಲ ಹೊಳೆಪಾಲಾದರೂ ಹಾಳೆಯನ್ನು ಮತ್ತೆ ತೆಗೆಸಬಹುದು. ಆದರೆ ಆ ಸರ್ವರೇ ನೀರಿಗೋ ಬೆಂಕಿಗೋ ಸಿಕ್ಕರೆ? ಯಾವನೋ ಕಳ್ಳ ದೂರದಲ್ಲಿ ಕೂತು ಅದನ್ನು ಬೀಗ ಹಾಕಿದಂತೆ ಮಾಡಿಬಿಟ್ಟರೆ? ಇನ್ನೊಂದು ಪ್ರತಿ ಎಲ್ಲಿದೆ ಎಂಬ ಪ್ರಶ್ನೆ ಕಂಪ್ಯೂಟರ್ ಕಲಿತವರದಷ್ಟೇ ಅಲ್ಲ, ಹೊಳೆದಂಡೆಯ ಪ್ರತಿಯೊಬ್ಬ ಖಾತೆದಾರನದೂ ಹೌದು.

ಕಂಪ್ಯೂಟರಿಗೆ ಮುಂಚೆ ಈ ಭಾಗದ ಭೂದಾಖಲೆ ತಲಾಟಿಯ ದಪ್ತರದಲ್ಲಿತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟು, ಅದರೊಳಗೆ ಕೈಬರಹದ ಉತಾರ. ತಲಾಟಿ ಸಿಕ್ಕರೆ ಉತಾರ ಸಿಕ್ಕೀತು. ಅವನು ತಿದ್ದಿದರೆ ತಿದ್ದಿದ್ದೇ ಸತ್ಯ. ಇಡೀ ರಾಜ್ಯದಲ್ಲಿ ಸುಮಾರು 9,000 ಇಂಥ ಗ್ರಾಮ ಲೆಕ್ಕಿಗರ ಕೈಯಲ್ಲಿ ರೈತರ ನೆಲದ ಹಣೆಬರಹವಿತ್ತು.

ಅದನ್ನು ಬದಲಿಸಿದ್ದು ‘ಭೂಮಿ’ ಯೋಜನೆ. ಕಂದಾಯ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಹಿಂದೆ ನಿಂತರು, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದವರು ತಂತ್ರಾಂಶ ಬರೆದರು, ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲ ಪ್ರಯೋಗ ನಡೆಯಿತು. ಎರಡೇ ವರ್ಷದಲ್ಲಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ, ಅಂದರೆ ಇಲ್ಲಿನವರ ಉತಾರ, ಕಂಪ್ಯೂಟರ್ ಸೇರಿದವು. ಆಗ ಹದಿನೈದು ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ಉತಾರ ಸಿಗುತ್ತಿತ್ತು. ನೌಕರರು ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು, ಯಾರು ಯಾವ ನಮೂದು ಮಾಡಿದರೆಂಬುದು ಉಳಿಯುತ್ತದೆ. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸರ್ಕಾರ ಆಜ್ಞೆ ಮಾಡಿತು. ಜಗತ್ತಿನ ನಾನಾ ದೇಶಗಳ ಆಡಳಿತ ತಜ್ಞರು ಅದನ್ನು ನೋಡಲು ಕರ್ನಾಟಕಕ್ಕೆ ಬಂದರು.

ಭೂಮಿಯ ಕಥೆ ಹೇಳುವವರು ಕಿಟಕಿಯ ಮುಂದಿನ ಸಾಲನ್ನು ವರ್ಣಿಸುತ್ತಾರೆ, ಹಿಂದಿನ ಕೋಣೆಯನ್ನು ಮರೆಯುತ್ತಾರೆ. ಆರಂಭದಲ್ಲಿ ಪ್ರತಿ ತಾಲ್ಲೂಕು ಕಚೇರಿಗೂ ಅದರದೇ ಸರ್ವರ್ ಇತ್ತು. ರೋಣದ ದಾಖಲೆ ರೋಣದಲ್ಲಿ, ನರಗುಂದದ್ದು ನರಗುಂದದಲ್ಲಿ. ಅಂದರೆ 177 ಕೋಣೆ, 177 ಕಡೆ ಧೂಳು, 177 ಕಡೆ ಕರೆಂಟು ಹೋಗಿ ಬರುವ ಆಟ. ದಿನದ ಕೆಲಸ ಮುಗಿದ ಮೇಲೆ ಆ ದಿನದ ನಕಲು ತೆಗೆದಿಡುವ ಹೊಣೆ ಅಲ್ಲಿನ ಸಿಬ್ಬಂದಿಯದು. ಅವರು ರಜೆ ಹಾಕಿದರೆ, ವರ್ಗವಾದರೆ, ಸುಮ್ಮನೆ ಮರೆತರೆ ನಕಲು ಇಲ್ಲ. ಮರೆತದ್ದು ಗೊತ್ತಾಗುವುದು ಡಿಸ್ಕ್ ಕೆಟ್ಟ ದಿನವೇ.

ಹಲವು ಸರ್ವರುಗಳ ನಕಲನ್ನು ಒಂದು ಕಡೆಯಿಂದ ತೆಗೆಯಬೇಕೆಂಬ ವಿಚಾರ ಹುಟ್ಟುವುದು ಇಲ್ಲಿಂದ. ತಾಲ್ಲೂಕುಗಳು ಮೊದಲು ಉಪಗ್ರಹದ ವಿ-ಸ್ಯಾಟ್ ಮೂಲಕ, ಆಮೇಲೆ ಕೆಸ್ವಾನ್ ಎಂಬ ರಾಜ್ಯವ್ಯಾಪಿ ಜಾಲದ ಮೂಲಕ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಕೂಡಿಕೊಂಡವು. ಗ್ರಾಮ ಪಂಚಾಯಿತಿಯ ಕಂಪ್ಯೂಟರಿನಲ್ಲೂ ಇವತ್ತು ಹೊಳೆಮಣ್ಣೂರಿನ ಸರ್ವೆ ನಂಬರ್ ಒತ್ತಿದರೆ ಉತ್ತರ ಬರುವುದು ರಾಜಧಾನಿಯಿಂದ. ನೋಂದಣಿ ಇಲಾಖೆಯ ದಾರಿಯೂ ಅದೇ. ಪುಣೆಯ ಸಿ-ಡ್ಯಾಕ್ ರೂಪಿಸಿದ ಹಳೆಯ ‘ಕಾವೇರಿ’ ತಂತ್ರಾಂಶ ಉಪನೋಂದಣಿ ಕಚೇರಿಗಳ ಸ್ವಂತ ಯಂತ್ರಗಳ ಮೇಲೆ ನಿಂತಿತ್ತು. 2023ರಲ್ಲಿ ಬಂದ ‘ಕಾವೇರಿ 2.0’ ಕೇಂದ್ರ ವ್ಯವಸ್ಥೆಯದು. ಹೊಳೆದಂಡೆಯವರಿಗೆ ಇದರಿಂದ ದೊಡ್ಡ ಲಾಭವಾಗಿದೆ. ಮಲಪ್ರಭೆ ಎಷ್ಟೇ ಉಕ್ಕಿದರೂ ಉತಾರ ಮುಳುಗುವುದಿಲ್ಲ.

ಆದರೆ ಒಂದೇ ಕಡೆಗೆ ತಂದದ್ದು ಒಂದೇ ಏಟಿಗೂ ಸಿಗುತ್ತದೆ. 2025ರ ಆರಂಭದಲ್ಲಿ ಕಾವೇರಿ 2.0ರ ಮೇಲೆ ಸುಳ್ಳು ಬೇಡಿಕೆಗಳ ಮಹಾಪೂರ ಹರಿಸಿದಾಗ ರಾಜ್ಯದ ಉಪನೋಂದಣಿ ಕಚೇರಿಗಳೆಲ್ಲ ಒಟ್ಟಿಗೆ ಕುಂಟಿದವು. ಆಗ ದಾಖಲೆ ಅಳಿಯಲಿಲ್ಲ, ಸೇವೆ ನಿಂತಿತು. ದಾಖಲೆಯೇ ಅಳಿದ ಪ್ರಸಂಗ ಬೇಕೆಂದರೆ ಅದೇ ವರ್ಷದ ದಕ್ಷಿಣ ಕೊರಿಯಾ ಕಡೆ ನೋಡಬೇಕು.

ತಂತ್ರಜ್ಞಾನದಲ್ಲಿ ಜಗತ್ತಿನ ಮುಂದಿರುವ ಆ ದೇಶದ ಸರ್ಕಾರಿ ದತ್ತಾಂಶ ಕೇಂದ್ರ ಡೇಜಾನ್ ನಗರದಲ್ಲಿದೆ. 2025ರ ಸೆಪ್ಟೆಂಬರ್ 26ರ ರಾತ್ರಿ ಅಲ್ಲಿನ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಬಿತ್ತು. ಬ್ಯಾಟರಿಗಳು ಸರ್ವರುಗಳ ಪಕ್ಕದಲ್ಲೇ ಇದ್ದವು, ಅಪಾಯವೆಂದೇ ಅವನ್ನು ಬೇರೆ ಕಡೆ ಸಾಗಿಸುವ ಕೆಲಸ ನಡೆದಿತ್ತು. ಸರ್ಕಾರದ 600ಕ್ಕೂ ಹೆಚ್ಚು ಸೇವೆಗಳು ನಿಂತವು, 96 ವ್ಯವಸ್ಥೆಗಳು ಸುಟ್ಟುಹೋದವು. ಅವುಗಳಲ್ಲಿ ಒಂದು ‘ಜಿ-ಡ್ರೈವ್’. ಸರ್ಕಾರಿ ನೌಕರರು ಕಡತಗಳನ್ನು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಬದಲು ಇಡುತ್ತಿದ್ದ ಸಾಮೂಹಿಕ ಕಪಾಟು ಅದು. 858 ಟೆರಾಬೈಟ್ ಮಾಹಿತಿ ಅದರಲ್ಲಿತ್ತು. ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ಗಾತ್ರ ದೊಡ್ಡದು, ಅದಕ್ಕೇ ತೆಗೆಯಲಾಗಲಿಲ್ಲ ಎಂಬುದು ಅಧಿಕಾರಿಗಳು ಕೊಟ್ಟ ಕಾರಣ. ಚದುರಿದ್ದನ್ನೆಲ್ಲ ಒಂದೆಡೆ ಕೂಡಿಸುವ ಕೆಲಸವನ್ನು ಶಿಸ್ತಾಗಿ ಮಾಡಿದ್ದರು. ಕೂಡಿಸಿದ್ದರ ಪ್ರತಿಯನ್ನು ಬೇರೆ ಊರಿಗೆ ಕಳಿಸುವ ಕೆಲಸ ಬಾಕಿ ಉಳಿದಿತ್ತು.

ಮಾಹಿತಿಯನ್ನು ಕೇಂದ್ರಕ್ಕೆ ತರುವುದೇ ಒಂದು ಕೆಲಸ, ಬ್ಯಾಕಪ್ ಬೇರೆಯೇ ಕೆಲಸ. ನಮ್ಮ ಎಷ್ಟೋ ಕಚೇರಿಗಳಲ್ಲಿ ಮೊದಲನೆಯದು ಮುಗಿದ ಕೂಡಲೇ ಎರಡನೆಯದೂ ಮುಗಿಯಿತೆಂದು ಕಡತ ಮುಚ್ಚುತ್ತಾರೆ. ನಮ್ಮ ಹಿರಿಯರು ಊರ ಜೋಳವನ್ನೆಲ್ಲ ಒಂದೇ ಹಗೇವಿಗೆ ಸುರಿಯುತ್ತಿರಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಮೋಸದ್ದು. ಎರಡು ಸರ್ವರುಗಳನ್ನು ಜೋಡಿಸಿ, ಇದರಲ್ಲಿ ಆದದ್ದು ಅದರಲ್ಲೂ ಆಗುವಂತೆ ಮಾಡಿ, ಅದನ್ನೇ ಬ್ಯಾಕಪ್ ಎನ್ನುವುದು. 2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ವಿನಾಶಕಾರಿ ತಂತ್ರಾಂಶ ಡೆನ್ಮಾರ್ಕಿನ ಹಡಗು ಕಂಪನಿ ಮೆರ್ಸ್ಕ್‌ನೊಳಗೆ ನುಗ್ಗಿತು. ಯಾವ ನೌಕರ ಯಾರು, ಅವನಿಗೆ ಎಲ್ಲಿ ಪ್ರವೇಶ ಎಂದು ತಿಳಿಸುವ ಸುಮಾರು 150 ಸರ್ವರುಗಳು ಜಗತ್ತಿನಾದ್ಯಂತ ಒಂದಕ್ಕೊಂದು ಪ್ರತಿಯಾಗಿ ನಿಂತಿದ್ದವು. ಒಂದು ಹೋದರೆ ಮಿಕ್ಕವು ಇವೆ ಎಂಬ ಧೈರ್ಯ. ಎಲ್ಲವೂ ಒಟ್ಟಿಗೆ ಹೋದವು. ಉಳಿದದ್ದು ಆಫ್ರಿಕಾದ ಘಾನಾ ಕಚೇರಿಯ ಒಂದೇ ಒಂದು, ಅದೂ ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ ಆ ಯಂತ್ರ ಜಾಲದಿಂದ ಕಡಿದುಕೊಂಡಿದ್ದರಿಂದ. ಅದರ ಮಾಹಿತಿಯನ್ನು ಡಿಸ್ಕಿನಲ್ಲಿ ವಿಮಾನದ ಮೇಲೆ ಇಂಗ್ಲೆಂಡಿಗೆ ಸಾಗಿಸಿ ಕಂಪನಿ ತನ್ನ ಜಾಲವನ್ನು ಮತ್ತೆ ಕಟ್ಟಿತು. ಜಾಲಕ್ಕೆ ಅಂಟದ ಒಂದು ಪ್ರತಿಯ ಬೆಲೆ ಎಷ್ಟೆಂದು ಲೋಕಕ್ಕೆ ಗೊತ್ತಾದದ್ದು ಹೀಗೆ.

ನಮ್ಮ ದೇಶದ್ದೇ ಉದಾಹರಣೆಗಳಿವೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳು ಮಾಹಿತಿಗೆ ಬೀಗ ಹಾಕಿ ದುಡ್ಡು ಕೇಳುವ ಸುಲಿಗೆಕೋರರ ಬಾಯಿಗೆ ಬಿದ್ದವು. ಸುಮಾರು 1.3 ಟೆರಾಬೈಟ್ ಮಾಹಿತಿ ಗೂಢಲಿಪಿಯಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ದಿನಗಟ್ಟಲೆ ಚೀಟಿ, ಪೆನ್ನಿನ ಮೇಲೆ ಆಸ್ಪತ್ರೆ ನಡೆಯಿತು. ರೋಗಿಗಳ ದಾಖಲೆ ಮರಳಿ ಸಿಕ್ಕದ್ದು ದಾಳಿಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ಇಂಥದ್ದೇ ದಾಳಿಯಾದಾಗ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು.

ಸರ್ಕಾರದ ದೊಡ್ಡ ಯಂತ್ರಗಳ ಚಿಂತೆ ಸರ್ಕಾರಕ್ಕಿರಲಿ. ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ತಮ್ಮದೇ ಸರ್ವರ್ ಇಟ್ಟುಕೊಂಡ ಪತ್ತಿನ ಸಂಘಗಳು, ಶಿಕ್ಷಣ ಸಂಸ್ಥೆಗಳು, ಆಸ್ಪತ್ರೆಗಳು, ಅಡತಿ ಅಂಗಡಿಗಳು ಏನು ಮಾಡಬೇಕು? ಈ ಮೂರೂ ಊರುಗಳಲ್ಲಿ ಶಾಖೆಯಿರುವ ಒಂದು ಸಂಘವನ್ನು ಎಣಿಸಿಕೊಳ್ಳೋಣ. ಶಾಖೆಗೊಂದು ಸರ್ವರ್, ಪ್ರತಿಯೊಂದರ ಪಕ್ಕದಲ್ಲಿ ಒಂದು ಪೆನ್‌ಡ್ರೈವ್, ಅದನ್ನು ಸಿಕ್ಕಿಸುವ ಒಬ್ಬ ಗುಮಾಸ್ತ. ಹೆಚ್ಚಿನ ಕಡೆ ಈಗಿರುವ ಏರ್ಪಾಡು ಇಷ್ಟೇ.

ಇದನ್ನು ಬಿಟ್ಟು ಮೂರೂ ಶಾಖೆಗಳಿಗೆ ಕೇಂದ್ರವಾಗಿ ಒಂದು ಬ್ಯಾಕಪ್ ಯಂತ್ರ ಕೂಡಿಸಬೇಕು. ಜಾಗದ ಆಯ್ಕೆಯಲ್ಲಿ ಹೊಳೆಯ ವಿಚಾರ ಮೊದಲು. ಗುಡ್ಡದ ಮಗ್ಗುಲಿನ ಗಜೇಂದ್ರಗಡಕ್ಕೆ ಮಲಪ್ರಭೆಯ ಭಯವಿಲ್ಲ, ಯಂತ್ರ ಅಲ್ಲಿರಲಿ. ಇನ್ನೊಂದು ಪ್ರತಿ ಗದಗಿಗೋ ಹುಬ್ಬಳ್ಳಿಗೋ ಹೋಗಲಿ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ತನ್ನ ಚಿತ್ರಗಳನ್ನು ಉಳಿಸಿಕೊಳ್ಳುವ ಬಗೆ ಹೇಳುತ್ತ ಜನಪ್ರಿಯಗೊಳಿಸಿದ 3-2-1 ಸೂತ್ರ ಈಗ ಇಡೀ ಉದ್ಯಮದ ಪಾಠ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದಾದರೂ ಬೇರೆ ಊರಲ್ಲಿ.

ಯಾರು ಯಾರ ಬಳಿ ಹೋಗಬೇಕು ಎಂಬುದರಲ್ಲಿ ಬಹಳ ಮಂದಿ ಎಡವುತ್ತಾರೆ. ಶಾಖೆಯ ಸರ್ವರೇ ತನ್ನ ನಕಲನ್ನು ಕೇಂದ್ರಕ್ಕೆ ನೂಕುವ ಹಾಗಿದ್ದರೆ ಕೇಂದ್ರದ ಕೀಲಿ ಶಾಖೆಯಲ್ಲಿರುತ್ತದೆ. ಶಾಖೆಗೆ ನುಗ್ಗಿದ ಕಳ್ಳ ಅದೇ ಕೀಲಿಯಿಂದ ಕೇಂದ್ರದ ನಕಲುಗಳನ್ನೂ ಒರೆಸಿಹಾಕಬಹುದು. ಸುಲಿಗೆಕೋರರು ಮೊದಲು ಹುಡುಕುವುದೇ ಬ್ಯಾಕಪ್ಪನ್ನು, ಅದು ಉಳಿದರೆ ಅವರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅದರ ಬದಲು ಕೇಂದ್ರದ ಯಂತ್ರವೇ ರಾತ್ರಿ ಒಂದೊಂದು ಶಾಖೆಗೆ ಹೋಗಿ ಎಳೆದುಕೊಂಡು ಬರಬೇಕು, ಶಾಖೆಗೆ ಕೇಂದ್ರದ ಬಾಗಿಲೇ ಕಾಣಬಾರದು. ಬ್ಯಾಕಪ್ ಯಂತ್ರಕ್ಕೆ ಕಚೇರಿಯ ಮಾಮೂಲು ಪಾಸ್‌ವರ್ಡ್ ಓಡಬಾರದು. ಒಮ್ಮೆ ಬರೆದ ನಕಲನ್ನು ಗೊತ್ತಾದ ಅವಧಿಯವರೆಗೆ ಮೇಲಧಿಕಾರಿಯೂ ಅಳಿಸಲಾಗದಂತೆ ಕಟ್ಟಿಹಾಕುವ ಸೌಲಭ್ಯ ಈಗ ಹಲವು ತಂತ್ರಾಂಶಗಳಲ್ಲಿದೆ. ಅದನ್ನು ಬಳಸದಿರುವುದಕ್ಕೆ ಕಾರಣವೇ ಇಲ್ಲ.

ಇಂಟರ್‌ನೆಟ್ ವೇಗ ಸಾಲದು ಎಂಬ ದೂರು ಇದ್ದದ್ದೇ. ಲೆಕ್ಕ ಹಾಕಿ ನೋಡಬೇಕು. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಒಂದು ಟೆರಾಬೈಟ್ ಮಾಹಿತಿ ಕ್ಷಣ ಬಿಡುವಿಲ್ಲದೆ ಹರಿದರೂ ಒಂಬತ್ತು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಹೀಗಾಗಿ ಮೊದಲ ಪೂರ್ತಿ ಪ್ರತಿಯನ್ನು ಡಿಸ್ಕಿನಲ್ಲಿ ತುಂಬಿ ಬಸ್ಸು ಹತ್ತಿಸುವುದೇ ಜಾಣತನ. ಆಮೇಲೆ ದಿನವೂ ಬದಲಾದಷ್ಟನ್ನು ಮಾತ್ರ ಕಳಿಸಿದರೆ ಸಾಕು. ದಿನಕ್ಕೆ ಮೂರು ಗಿಗಾಬೈಟ್ ಬದಲಾಯಿತೆಂದರೂ ಅದೇ ಸಂಪರ್ಕದಲ್ಲಿ ನಲವತ್ತು ನಿಮಿಷದ ಕೆಲಸ. ಬದಲಾದ ತುಣುಕನ್ನಷ್ಟೇ ಗುರುತಿಸಿ ಸಾಗಿಸುವ ‘ಆರ್‌ಸಿಂಕ್’ ಸಾಧನ 1996ರಿಂದಲೂ ಉಚಿತವಾಗಿ ಸಿಗುತ್ತಿದೆ. ಒಂದೇ ಸಂಗತಿಯನ್ನು ಎರಡು ಸಲ ಕೂಡಿಡದೆ ಜಾಗ ಉಳಿಸುವ ‘ಬೋರ್ಗ್’, ‘ರೆಸ್ಟಿಕ್’, ಹಲವು ಯಂತ್ರಗಳನ್ನು ಒಂದೆಡೆಯಿಂದ ನಡೆಸುವ ‘ಬಾಕ್ಯುಲಾ’, ‘ಬ್ಯಾಕಪ್‌ಪಿಸಿ’ ಕೂಡ ಉಚಿತವೇ. ಲಕ್ಷಗಟ್ಟಲೆ ಸುರಿದರಷ್ಟೇ ಬ್ಯಾಕಪ್ ಎನ್ನುವ ಮಾರಾಟಗಾರರ ಮಾತನ್ನು ಸಣ್ಣ ಸಂಘಗಳು ನಂಬಬೇಕಿಲ್ಲ.

ಡೇಟಾಬೇಸಿನ ವಿಷಯದಲ್ಲಿ ಎಚ್ಚರ ಬೇಕು. ವ್ಯವಹಾರ ನಡೆಯುತ್ತಿರುವಾಗಲೇ ಅದರ ಕಡತವನ್ನು ಹಾಗೇ ಎತ್ತಿಟ್ಟರೆ ಅರ್ಧ ಬರೆದ ಲೆಕ್ಕ ಸಿಕ್ಕೀತು. ಡೇಟಾಬೇಸ್ ತಾನೇ ಒಪ್ಪವಾಗಿ ತೆಗೆದುಕೊಡುವ ಪ್ರತಿಯನ್ನು ಮೊದಲು ಮಾಡಿಸಿ, ಅದನ್ನು ಸಾಗಿಸಬೇಕು. ಎಷ್ಟು ದಿನದ ಪ್ರತಿ ಇಟ್ಟುಕೊಳ್ಳಬೇಕೆಂಬುದನ್ನು ಆಡಿಟರನ್ನು ಕೇಳಿ ಗೊತ್ತುಮಾಡಬೇಕು: ದಿನದ್ದು ಒಂದು ತಿಂಗಳು, ತಿಂಗಳದ್ದು ಒಂದು ವರ್ಷ, ಮಾರ್ಚ್ 31ರ ಪ್ರತಿ ಹಲವು ವರ್ಷ ಎಂಬಂತೆ. ಮೂರು ವಾರದ ಹಿಂದೆ ಅಳಿದ ಖಾತೆ ಇವತ್ತು ಕಣ್ಣಿಗೆ ಬಿದ್ದರೆ ನಿನ್ನೆಯ ಪ್ರತಿಯೊಂದೇ ಇದ್ದು ಉಪಯೋಗವಿಲ್ಲ. ಹೊರಗೆ ಹೋಗುವ ಪ್ರತಿ ಗೂಢಲಿಪಿಯಲ್ಲಿರಬೇಕು, ಅದರ ಕೀಲಿ ಕಾಗದದ ಮೇಲೆ ಬರೆದು ಬ್ಯಾಂಕಿನ ಲಾಕರಿನಲ್ಲಿರಬೇಕು. ಕೀಲಿ ಸುಟ್ಟ ಸರ್ವರಿನ ಒಳಗೇ ಇತ್ತೆಂದರೆ ಮುಗಿಯಿತು.

ಇಷ್ಟಾದರೂ ಕೆಲಸ ಅರ್ಧ. ನಕಲಿನಿಂದ ಮರಳಿ ಕಟ್ಟಿ ನೋಡುವವರೆಗೆ ಅದು ಬರಿಯ ನಂಬಿಕೆ. ತಂತ್ರಾಂಶ ಬರೆಯುವವರು ತಮ್ಮ ಕೆಲಸ ಇಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟುಬಿಟ್ಟರು. ಸುಮಾರು 300 ಗಿಗಾಬೈಟ್ ಹೋಯಿತು. ಬ್ಯಾಕಪ್ಪಿಗೆ ಹಲವು ದಾರಿ ಮಾಡಿಟ್ಟಿದ್ದರು, ಒಂದೂ ಸರಿಯಾಗಿ ನಡೆಯುತ್ತಿರಲಿಲ್ಲ. ಮುಖ್ಯ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ದಿನವೂ ಸೋಲುತ್ತಿತ್ತು, ಸೋತೆನೆಂದು ಅದು ಕಳಿಸಿದ ಇ-ಮೇಲ್ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ಯಾರೋ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ಸಂಸ್ಥೆಯ ದೊಡ್ಡತನವೆಂದರೆ ತನ್ನ ಸೋಲನ್ನು ಒಂದೂ ಬಿಡದೆ ಲೋಕಕ್ಕೆ ಬರೆದು ತಿಳಿಸಿದ್ದು. ಮೂರು ತಿಂಗಳಿಗೊಮ್ಮೆ ಒಂದು ಹಳೆಯ ಕಂಪ್ಯೂಟರಿನಲ್ಲಿ ನಕಲನ್ನು ಬಿಚ್ಚಿ, ಹತ್ತು ಖಾತೆಗಳ ಶಿಲ್ಕನ್ನು ಅಸಲಿನ ಜೊತೆ ತಾಳೆ ನೋಡುವುದಕ್ಕೆ ಒಂದು ದಿನ ಸಾಕು.

ಈ ಊರುಗಳಿರುವ ಗದಗ ಜಿಲ್ಲೆಗೆ ಈ ಮಾತು ಹೆಚ್ಚು ತಟ್ಟಬೇಕಾದ ಕಾರಣವಿದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕಣಗಿನಹಾಳದ ಕೃಷಿ ಪತ್ತಿನ ಸಂಘದಿಂದಲೇ ಈ ನಾಡಿನ ಸಹಕಾರ ಚಳವಳಿ ಬೇರು ಬಿಟ್ಟದ್ದು. ಲೆಕ್ಕದ ಪುಸ್ತಕದ ಮೇಲಿನ ನಂಬಿಕೆಯೇ ಆ ಸಂಘಗಳ ಬಂಡವಾಳ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 2,516 ಕೋಟಿ ರೂಪಾಯಿ ವೆಚ್ಚದಲ್ಲಿ ದೇಶದ 63,000 ಪ್ರಾಥಮಿಕ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಲೆಕ್ಕವೆಲ್ಲ ಒಂದೇ ತಂತ್ರಾಂಶಕ್ಕೆ, ಕ್ಲೌಡಿಗೆ ಹೋಗುತ್ತದೆ. ಒಳ್ಳೆಯ ಕೆಲಸ. ಆದರೆ ಕ್ಲೌಡ್ ಎಂದರೂ ಎಲ್ಲೋ ಒಂದು ಕಟ್ಟಡ, ಅದರೊಳಗಿನ ಯಂತ್ರ, ಅದಕ್ಕೆ ಬ್ಯಾಟರಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರ ಹೊತ್ತಿ ಉರಿದಾಗ ಕ್ಲೌಡನ್ನೇ ನಂಬಿ ಬೇರೆ ಪ್ರತಿ ಇಡದವರು ಎಲ್ಲವನ್ನೂ ಕಳೆದುಕೊಂಡರು.

ಕಾಗದದ ಹಳೆಯ ದಾಖಲೆಯ ಕಡೆಗೂ ಈಗ ಸರ್ಕಾರ ಗಮನ ಕೊಟ್ಟಿದೆ. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿ ಗೆದ್ದಲಿಗೂ ತಿದ್ದುವ ಕೈಗಳಿಗೂ ಸಿಗುತ್ತಿದ್ದ ಕೋಟಿಗಟ್ಟಲೆ ಪುಟಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ ರಾಜ್ಯವ್ಯಾಪಿಯಾಗಿದೆ. ಸ್ಕ್ಯಾನ್ ಮಾಡಿದ್ದೂ ಒಂದು ಕಡತವೇ, ಅದಕ್ಕೂ ಇನ್ನೊಂದು ಊರಿನಲ್ಲಿ ಪ್ರತಿ ಬೇಕು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರಕ್ಕೆ ದೆಹಲಿ, ಪುಣೆ, ಹೈದರಾಬಾದ್, ಭುವನೇಶ್ವರ ಹೀಗೆ ನಾಲ್ಕು ದಿಕ್ಕಿನಲ್ಲಿ ರಾಷ್ಟ್ರೀಯ ದತ್ತಾಂಶ ಕೇಂದ್ರಗಳಿರುವುದು ನೆಮ್ಮದಿ ಕೊಡುವ ಸಂಗತಿ. ಒಂದು ಕಡೆಯ ಆಪತ್ತು ಇನ್ನೊಂದನ್ನು ಮುಟ್ಟಬಾರದೆಂಬ ವಿವೇಕ ಅದರಲ್ಲಿದೆ. ಅದೇ ವಿವೇಕ ಜಿಲ್ಲೆ, ತಾಲ್ಲೂಕು, ಸಂಘದ ಮಟ್ಟಕ್ಕೆ ಇನ್ನೂ ಇಳಿದಿಲ್ಲ. ತಂತ್ರಜ್ಞಾನದ ಕೊರತೆ ಅದಕ್ಕೆ ಕಾರಣವಲ್ಲ. ಬ್ಯಾಕಪ್ ಯಾರ ಕೆಲಸ ಎಂದು ಎಷ್ಟೋ ಕಚೇರಿಗಳ ಆದೇಶದಲ್ಲಿ ಹೆಸರಿಟ್ಟು ಬರೆಯದಿರುವುದೇ ಕಾರಣ. ಗುಮಾಸ್ತನ ಹೆಚ್ಚುವರಿ ಕೆಲಸವಾಗಿ ಅದು ಉಳಿದಿರುವವರೆಗೆ ಯಾವ ಯಂತ್ರ ತಂದರೂ ಅಷ್ಟೇ.

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ನಡೆಯುವುದು ಸೆಪ್ಟೆಂಬರ್ ಹೊತ್ತಿಗೆ, ಹೊಳೆಯ ಮೇಲೆ ಇನ್ನೂ ಕಣ್ಣಿಡಬೇಕಾದ ದಿನಗಳಲ್ಲೇ. ಲಾಭಾಂಶ ಎಷ್ಟು ಎಂದು ಕೇಳುವ ಸದಸ್ಯರು ಈ ಸಲ ಇನ್ನೆರಡು ಪ್ರಶ್ನೆ ಕೇಳಬೇಕು. ನಮ್ಮ ಲೆಕ್ಕದ ಇನ್ನೊಂದು ಪ್ರತಿ ಯಾವ ಊರಲ್ಲಿದೆ? ಅದನ್ನು ಬಿಚ್ಚಿ ಕೊನೆಯ ಸಲ ತಾಳೆ ನೋಡಿದ ತಾರೀಖು ಯಾವುದು? ಉತ್ತರ ಬಾರದಿದ್ದರೆ ಅಲ್ಲೇ ಠರಾವು ಬರೆಸಿ, ಹೊಣೆ ಹೊರುವವರ ಹೆಸರನ್ನೂ ಅದರಲ್ಲಿ ಸೇರಿಸಿ, ಎಲ್ಲರೂ ಸಹಿ ಮಾಡಿ ಏಳಬೇಕು.